ಹಗ್ಗದ ಆ ತುದಿಯಲ್ಲಿ

"ನಿನ್ನ ಹಗ್ಗ ನಾನು ಹಿಡೀಬೇಕಾ? ಸತ್ರೂ ಇಲ್ಲ!"

ಉಲ್ಯಾನಾ ಹಾಗೆಂದಾಗ ಮಿರೋನ್ ತಲೆ ಎತ್ತಲಿಲ್ಲ. ಬಿಳಿಸಮುದ್ರದ ಮಂಜುಗಡ್ಡೆಯಲ್ಲಿ ಗರಗಸದಿಂದ ಕೊರೆದ ಚೌಕದ ಅಂಚಿಗೆ ಕೂತು, ಕಪ್ಪು ನೀರಿಗೆ ಕಾಲು ಇಳಿಬಿಟ್ಟು, ಕೈಗವಸು ಬಿಗಿಯುತ್ತಿದ್ದ.

ಕಳೆದ ಚಳಿಗಾಲ ಇದೇ ಕೊಲ್ಲಿಯಲ್ಲಿ ಅವಳ ಅಣ್ಣ ಗ್ಲೆಬ್ ಮುಳುಗಿ ಸತ್ತಿದ್ದ. ಅವತ್ತು ಗ್ಲೆಬ್‌ನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ಹಿಡಿದಿದ್ದವನು ಮಿರೋನ್. "ನಾನು ಎಳೆಯೋದು ತಡವಾಯ್ತು" ಎಂದು ಊರೆದುರು ಒಪ್ಪಿಕೊಂಡವನೂ ಅವನೇ. ಮಿರೋನ್‌ಗೆಂದು ಆಸೆಯಿಂದ ಹೆಣೆಯುತ್ತಿದ್ದ ಸ್ವೆಟರನ್ನು ಉಲ್ಯಾನಾ ಆ ಸಂಜೆಯೇ ಒಲೆಗೆ ಹಾಕಿದ್ದಳು.

ನಾಳೆಯ ರೈಲಿಗೆ ಅವನು ಊರು ಬಿಡುತ್ತಾನೆ. ಸಂಶೋಧನಾ ಕೇಂದ್ರದವರು ಸಮುದ್ರದ ತಳದಲ್ಲಿಟ್ಟ ಯಂತ್ರವೊಂದನ್ನು ಮೇಲೆ ತರುವುದಷ್ಟೇ ಬಾಕಿ. 'ಹೋಗಲಿ, ಪೀಡೆ ತೊಲಗಲಿ' ಎಂದುಕೊಂಡರೂ ಅವಳ ಎದೆ ಯಾಕೋ ಭಾರವಾಗಿತ್ತು.

"ಹಠ ಮಾಡ್ಬೇಡ ಕಣೇ ಉಲ್ಯಾ," ಎಂದ ಹಗ್ಗ ಹಿಡಿಯುವ ಕೆಲಸದ ಪ್ರೋಖೋರ್ ತಾತ. "ನಿನ್ನೆ ಜಾರಿ ಬಿದ್ದು ನನ್ನ ಭುಜ ಕೈಕೊಟ್ಟಿದೆ. ಅಲ್ಲಿ ಡೈವಿಂಗ್ ಸೂಟ್ ಹಾಕ್ಕೊಂಡು ಕೂತಿರೋನು ಆಪತ್ತಿಗೆ ನೀರಿಗಿಳಿಯೋನು, ಅವನು ಹಗ್ಗ ಮುಟ್ಟಂಗಿಲ್ಲ. ನಾನು ಪಕ್ಕದಲ್ಲೇ ಇರ್ತೀನಿ. ಒಂದು ಸಲ ಜಗ್ಗಿದ್ರೆ 'ಹೇಗಿದ್ದೀಯ?' ಕೆಳಗಿಂದ ಒಂದು ಸಲ ಜಗ್ಗಿದ್ರೆ 'ಚೆನ್ನಾಗಿದ್ದೀನಿ'. ಉತ್ತರ ಬರ್ಲಿಲ್ವೋ, ಯೋಚನೆ ಮಾಡ್ದೆ ಎಳಿ. ಚಿಕ್ಕಂದಿನಿಂದ ಗ್ಲೆಬ್ ಜೊತೆ ಇದೇ ಆಟ ಆಡ್ದೋಳು ನೀನು!"

ಅಣ್ಣನ ಹೆಸರು ಕೇಳಿ ಅವಳು ಹಗ್ಗ ಕೈಗೆತ್ತಿಕೊಂಡಳು.

"ಹಿಡೀತೀನಿ. ಇವನಿಗೋಸ್ಕರ ಅಲ್ಲ... ಇನ್ನೊಂದು ಹೆಣ ನೋಡೋಕೆ ನನ್ ಕೈಲಿ ಆಗಲ್ಲ."

ಬಾಯಿ ಹೇಳಿದ್ದು ಅದು, ಕೈ ಮಾಡಿದ್ದೇ ಬೇರೆ. ಇವನಿಗೂ ಗಾಳಿ ಕೈಕೊಟ್ಟರೆ? ಗಾಳಿ ಸಿಲಿಂಡರಿನಿಂದ ಉಸಿರೆಳೆಯುವ ರೆಗ್ಯುಲೇಟರ್ ಎತ್ತಿ, ಪರೀಕ್ಷೆಗೆಂದು ಬಾಯಿಗಿಟ್ಟು ಉಸಿರಾಡಿದಳು.

"ತೆಗಿ ಅದನ್ನ! ಬಾಯಿಂದ ತೆಗಿ!"

ಮಿರೋನ್ ಕಿರುಚಿದ ಏಟಿಗೆ ಅದು ಅವಳ ಕೈಜಾರಿತು.

"ಈ ಚಳಿಯಲ್ಲಿ ಮೇಲೇ ಉಸಿರಾಡಿದ್ರೆ ಉಸಿರಿನ ತೇವ ಒಳಗೆ ಹೆಪ್ಪುಗಟ್ಟುತ್ತೆ! ಕೆಳಗೆ ಹೋದ್ಮೇಲೆ ಗಾಳಿ ನಿಲ್ಲದೆ ಸುರಿದು ಸಿಲಿಂಡರೇ ಖಾಲಿ. ಮೊದಲನೇ ಉಸಿರು ನೀರೊಳಗೇ ತಗೋಬೇಕು. ಗ್ಲೆಬ್‌ಗೆ ಎಷ್ಟು ಸಲ ಬಡ್ಕೊಂಡೆ..."

ಅವನು ಥಟ್ಟನೆ ಬಾಯಿ ಮುಚ್ಚಿದ. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಉಲ್ಯಾನಾಳ ಕಣ್ಣಮುಂದೆ ಆ ಮಧ್ಯಾಹ್ನ ಬಂದು ನಿಂತಿತು. ಅವಳು ಬಿಸಿಬಿಸಿ ಮೀನಿನ ಕಡುಬು ತಂದಿದ್ದಳು. ತಂಗಿಯನ್ನು ನಗಿಸಲು ಗ್ಲೆಬ್ ರೆಗ್ಯುಲೇಟರನ್ನು ಬಾಯಲ್ಲಿ ಕಚ್ಚಿಕೊಂಡು, ಸೀಲ್ ಪ್ರಾಣಿಯ ಹಾಗೆ ಬುಸುಗುಟ್ಟಿದ್ದ. ಅವಳು ಚಪ್ಪಾಳೆ ತಟ್ಟಿ ಕೂಗಿದ್ದಳು... "ಅಣ್ಣಾ, ಇನ್ನೊಂದ್ಸಲ!"

"ಮಿರೋನ್... ನಾನು ನಕ್ಕಿದ್ದಕ್ಕಾ?"

"ಇಲ್ಲ. ನಾನು ಎಳೆಯೋದು ತಡವಾಯ್ತು. ಅಷ್ಟೇ."

"ಸುಳ್ಳು! ತಾತ, ನೀನಾದ್ರೂ ಹೇಳು!"

ಮುದುಕ ಮುಖ ತಿರುಗಿಸಿದ. "ತಡ ಮಾಡ್ಲಿಲ್ಲ ಕಣಮ್ಮ. ಕೇಳಿದಾಗೆಲ್ಲ ನಿಮ್ಮಣ್ಣ 'ಚೆನ್ನಾಗಿದ್ದೀನಿ' ಅಂತಲೇ ಜಗ್ಗಿದ. ಜಂಬದ ಕೋಳಿ! ಉತ್ತರ ನಿಂತ ಕ್ಷಣವೇ ಇವನು ಎಳೆದ. ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು." ಆಮೇಲೆ ಮಿರೋನ್ ಕಡೆ ನೋಡಿದ. "ಇವತ್ತು ಇಳೀಬೇಡ ಮಗಾ."

ಆದರೆ ಅವಳ ಕಣ್ಣು ಎದುರಿಸಲಾಗದೆ ಮಿರೋನ್ ಬೇರೆ ರೆಗ್ಯುಲೇಟರ್ ಜೋಡಿಸಿಕೊಂಡು ನೀರಿಗೆ ಜಾರಿಬಿಟ್ಟ!

ಹಗ್ಗ ಸರಸರನೆ ಒಳಗೆ ಹೋಯಿತು. ಉಲ್ಯಾನಾ ಅಳುತ್ತಲೇ ಒಮ್ಮೆ ಜಗ್ಗಿದಳು.

ಉತ್ತರ ಬಂತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗ್ಗಿದಳು. ಏನೂ ಇಲ್ಲ... 'ದೇವರೇ, ಬೇಡ!' ಮತ್ತೊಮ್ಮೆ ಜಗ್ಗಿದಳು. ತುಂಬ ತಡವಾಗಿ, ತುಂಬ ಮೆಲ್ಲಗೆ ಹಗ್ಗ ಅಲುಗಿತು. ಚೆನ್ನಾಗಿದ್ದೀನಿ.

"ಉತ್ತರ ಬಂತಲ್ಲ?" ಎಂದ ತಾತ.

"ಅವನು ಚೆನ್ನಾಗಿಲ್ಲ ತಾತ! ನಂಗೊತ್ತು!"

ಹಿಮ್ಮಡಿ ಊರಿ ಒಂದೇ ಸಮನೆ ಎಳೆದಳು. ಮಿರೋನ್ ಮೇಲೆ ಬಂದಾಗ ತುಟಿ ನೀಲಿಗಟ್ಟಿತ್ತು. ಬಲಗೈ ಗವಸು ಹರಿದು ನೀರು ತುಂಬಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಹಗ್ಗ ಜಗ್ಗುವ ಶಕ್ತಿಯೂ ಇರುತ್ತಿರಲಿಲ್ಲ. ಯಂತ್ರ ತಳದಲ್ಲೇ ಉಳಿಯಿತು.

ಪಕ್ಕದ ಗುಡಿಸಲಿನಲ್ಲಿ ಒಲೆ ಉರಿಯುತ್ತಿತ್ತು. ಒದ್ದೆ ಉಡುಪು ಬಿಚ್ಚಿಸಿ, ಕಂಬಳಿ ಹೊದಿಸಿ, ತಾತ ಸಿಹಿ ಚಹಾ ತರಲು ಹೊರಗೆ ಹೋದ. ಉಲ್ಯಾನಾ ಆ ಮರಗಟ್ಟಿದ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತಳು.

"ಯಾಕೆ ಹೇಳ್ಲಿಲ್ಲ?"

"ನನ್ನ ದ್ವೇಷಿಸಿದ್ರೆ ನೀನು ಬದುಕ್ತಿದ್ದೆ. ನಿನ್ನನ್ನೇ ದ್ವೇಷಿಸ್ಕೊಂಡ್ರೆ?" ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ನಿನ್ನ ಪ್ರೀತಿಸ್ತೀನಿ ಉಲ್ಯಾ. ಆಗಿಂದಲೂ. ಬೇರೇನು ಮಾಡ್ಬೇಕು ತಿಳೀಲಿಲ್ಲ."

"ನಾನೂ ಅಷ್ಟೇ. ಒಲೆಗೆ ಸ್ವೆಟರ್ ಹಾಕಿದಾಗ್ಲೂ..." ಅವಳು ಜಾರುತ್ತಿದ್ದ ಕಂಬಳಿಯನ್ನು ಅವನ ಭುಜಕ್ಕೆ ಎಳೆದಳು. "ಆದ್ರೆ ಅಮ್ಮ ನಿನ್ನನ್ನ ಹೊಸಿಲು ತುಳಿಯೋಕೆ ಬಿಡಲ್ಲ. ನನ್ನ ನಗಿಸೋಕೆ ಹೋಗಿ ಅಣ್ಣ ಸತ್ತ ಅಂತ ನಿಜ ಹೇಳೋಣ ಅಂದ್ರೆ, ಮಗನ್ನ ಕಳ್ಕೊಂಡೋಳು ಮಗಳನ್ನೂ ಕಳ್ಕೋತಾಳೆ."

"ಹೇಳ್ಬೇಡ. ನಾಳೆ ನಾನು ಹೋಗ್ತೀನಿ."

ಅವಳು 'ಇರು' ಎನ್ನಲಿಲ್ಲ. ಎನ್ನುವ ದಾರಿಯೇ ಇರಲಿಲ್ಲ. ಆ ಮನೆಯಲ್ಲಿ ಇವನಿಗೆ ಜಾಗವಿಲ್ಲ, ಆ ಅಮ್ಮನನ್ನು ಬಿಟ್ಟು ಅವಳಿಗೂ ಜಾಗವಿಲ್ಲ.

ಗಡಿಬಿಡಿಯಲ್ಲಿ ಅವಳ ಮಣಿಕಟ್ಟಿಗೆ ಸುತ್ತಿಕೊಂಡಿದ್ದ ಹಗ್ಗ ಹಾಗೇ ಇತ್ತು. ಅವನಿಂದ ಬಿಚ್ಚಿದ ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಮಿರೋನ್ ಎಡಗೈಯಲ್ಲಿ ಅದನ್ನೆತ್ತಿ, ಮೆಲ್ಲಗೆ ಒಮ್ಮೆ ಜಗ್ಗಿದ.

ಹೇಗಿದ್ದೀಯ?

ಅವಳು ತಿರುಗಿ ಜಗ್ಗಲಿಲ್ಲ.

"ಚೆನ್ನಾಗಿಲ್ಲ," ಎಂದಳು.

"ನಾನೂ ಇಲ್ಲ."

ಹೊರಗೆ ತಾತನ ಹೆಜ್ಜೆ ಸಪ್ಪಳ ಹತ್ತಿರವಾಯಿತು.

"ಹಗ್ಗ ಬಿಚ್ಚಲಾ?" ಎಂದು ಮಿರೋನ್ ಕೇಳಿದ.

"ಬೇಡ... ರೈಲು ಬರೋತನಕ ಇರಲಿ."