ಅಜ್ಜಿಯ ನೆತ್ತಿಗೆ ಹೊಸ ತಗಡು

ಧಡ್!

ಮೊಣಕಾಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದವಳು ಕಿಟಾರನೆ ಕಿರುಚಿದಳು. ತಲೆ ಎತ್ತಿ ನೋಡಿದರೆ... ವ್ಯಾನಿನ ಚಾವಣಿಯಿಂದ ಒಂದು ಕಾಲು ನೇತಾಡುತ್ತಿತ್ತು!

ಮೊಣಕಾಲಿನವರೆಗೂ ಒಳಗೆ ಇಳಿದ ಕಾಲು. ಕಪ್ಪು ಬೂಟು. ಅದರ ಸುತ್ತ ತುಕ್ಕಿನ ಪುಡಿ ಜರಜರನೆ ಸುರಿಯುತ್ತಿತ್ತು.

"ಯಾರ್ರೀ ಅದು?"

"ಅಯ್ಯೋ, ಒಳಗೆ ಜನ ಇದ್ದೀರಾ?" ಮೇಲಿನಿಂದ ಗಂಡಸಿನ ದನಿ. "ತಗಡು ಕೆಲಸದವನು ಮೇಡಮ್. ಚಾವಣಿ ಸೋರುತ್ತೆ ಅಂತ ಬೆಳಿಗ್ಗೆ ಫೋನ್ ಮಾಡಿದ್ರಲ್ಲ?"

"ಸೋರುತ್ತೆ ಅಂದೆ. ತೂತು ಮಾಡಿ ಅನ್ನಲಿಲ್ಲ!"

"ತೂತು ಮೊದಲೇ ಇತ್ತು. ನನ್ನ ಕಾಲು ಅದನ್ನ ಪತ್ತೆ ಹಚ್ಚಿತು ಅಷ್ಟೇ. ಸ್ವಲ್ಪ ಹೊರಗೆ ಬಂದು ನನ್ನ ಕೈ ಹಿಡ್ಕೊತೀರಾ? ಅಲ್ಲಾಡಿದ್ರೆ ತಗಡು ಕಾಲು ಕುಯ್ಯುತ್ತೆ."

ಅವಳು ಬಾಗಿಲಿನ ಕಡೆ ನೋಡಿದಳು.

"ಮೇಡಮ್?"

"ನನಗೆ ಬರೋಕಾಗಲ್ಲ. ಈ ಬಾಗಿಲು ಒಳಗಿಂದ ತೆಗೆಯೋಕೆ ಬರಲ್ಲ. ಯಾರಾದ್ರೂ ಹೊರಗಿಂದ ತೆಗೀಬೇಕು."

ಆಮೇಲೆ ಮೇಲಿನಿಂದ ನಗು ಕೇಳಿಸಿತು. "ಚೆನ್ನಾಗಿದೆ ನಮ್ಮಿಬ್ಬರ ಕಥೆ! ನಾನು ಮೇಲೆ ಬಂದಿ, ನೀವು ಒಳಗೆ ಬಂದಿ."

ಅಳುತ್ತಿದ್ದವಳಿಗೂ ನಗು ಬಂದುಬಿಟ್ಟಿತು ನೋಡಿ! ಅವಳು ಸ್ಟೂಲಿನ ಮೇಲೆ ನಿಂತು, ದುಪಟ್ಟಾವನ್ನು ಕೈಗೆ ಸುತ್ತಿಕೊಂಡು, ಅವನ ಕಾಲಿನ ಸುತ್ತ ಹಲ್ಲು ಕಿರಿದು ನಿಂತ ತಗಡಿನ ಚೂರುಗಳನ್ನು ಒಂದೊಂದಾಗಿ ಮೇಲಕ್ಕೆ ಬಾಗಿಸಿದಳು. ಕಾಲು ಮೆಲ್ಲನೆ ಮೇಲೆ ಹೋಯಿತು. ಒಂದು ಚೂರೂ ಗಾಯವಾಗಿರಲಿಲ್ಲ.

ಅವನು ಇಳಿದು ಬಂದು ಬಾಗಿಲು ಎಳೆದ. ಹಣೆಯ ತುಂಬ ತುಕ್ಕು, ರೆಪ್ಪೆಯ ಮೇಲೂ ತುಕ್ಕು. ಅವಳ ಕೆಂಪು ಕಣ್ಣು ನೋಡಿದ್ದೇ ನಗು ನಿಲ್ಲಿಸಿದ.

"ಕಾಲು ತಲೆಗೆ ತಾಗಿತಾ?"

"ಇಲ್ಲ. ಅದಕ್ಕೂ ಮೊದಲಿಂದ ಅಳ್ತಾ ಇದ್ದೆ."

ಛೀ! ಗುರುತು ಪರಿಚಯವಿಲ್ಲದವನ ಹತ್ತಿರ ಇದನ್ನೆಲ್ಲ ಯಾಕೆ ಹೇಳಿದೆ? ಅವಳು ತುಟಿ ಕಚ್ಚಿಕೊಂಡಳು.

ಅವಳು ಅತ್ತಿದ್ದಕ್ಕೆ ಕಾರಣವಿತ್ತು. ಆ ವ್ಯಾನು ಅವಳ ಅಪ್ಪನದು. ನಲವತ್ತು ವರ್ಷ ಹಳೆಯದಾದ್ದರಿಂದ ಮನೆಯವರೆಲ್ಲ ಅದನ್ನು 'ಅಜ್ಜಿ' ಎಂದೇ ಕರೆಯುತ್ತಿದ್ದರು. ಅಪ್ಪ ಅದರೊಳಗೆ ಗಾಜು ಉಜ್ಜುವ ಯಂತ್ರ ಇಟ್ಟುಕೊಂಡು ಊರೂರಿಗೆ ಹೋಗಿ, ಕಣ್ಣು ಪರೀಕ್ಷಿಸಿ, ನಿಂತ ಜಾಗದಲ್ಲೇ ಕನ್ನಡಕ ಮಾಡಿಕೊಡುತ್ತಿದ್ದರು. ಮಗಳು ಪಕ್ಕದ ಸೀಟಿನಲ್ಲೇ ಬೆಳೆದು, ಗಾಡಿ ಓಡಿಸುವುದನ್ನೂ ಆ ಕೆಲಸವನ್ನೂ ಅಪ್ಪನಿಗಿಂತ ಚೆನ್ನಾಗಿ ಕಲಿತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಅವಳನ್ನು ತನ್ನ ಮನೆಗೆ ಕರೆದುಕೊಂಡು ಬಂದ. ಅವನಿಗೊಂದು ಕನ್ನಡಕದ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅವಳಿಗೆ ಕೆಲಸ. ಕಿಟಕಿಯಿಲ್ಲದ ಕೋಣೆ, ಒಂದು ಟ್ಯೂಬ್‌ಲೈಟು, ಒಂದು ಯಂತ್ರ. ನಾಲ್ಕು ವರ್ಷದಲ್ಲಿ ಅವಳು ಮನೆ, ಅಂಗಡಿ, ಹಿಂದಿನ ಶೆಡ್ಡು ಬಿಟ್ಟು ಆಚೆ ಹೋದದ್ದೇ ಇಲ್ಲ. ತರಕಾರಿ ತರುತ್ತೇನೆಂದರೂ "ನೀನ್ಯಾಕೆ ಪುಟ್ಟಿ, ನಾನು ತರ್ತೀನಿ" ಎನ್ನುತ್ತಿದ್ದ ಅಣ್ಣ. ಮೂವತ್ತೊಂದು ವರ್ಷದವಳಿಗೆ ಪುಟ್ಟಿ!

ಅವನು ಬೈಯುವವನಲ್ಲ, ಕೈ ಮಾಡುವವನಂತೂ ಅಲ್ಲವೇ ಅಲ್ಲ. ಹಾಗೆ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು! ಅಕ್ಕರೆಯಿಂದ ಕಟ್ಟಿಹಾಕಿದವರ ಜೊತೆ ಜಗಳ ಆಡುವುದು ಹೇಗೆ? ಆ ಕೋಣೆಯಲ್ಲಿ ಅವಳಿಗೆ ಎಷ್ಟೋ ಸಲ ಉಸಿರು ಕಟ್ಟಿದಂತಾಗುತ್ತಿತ್ತು.

ಆ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ಅಣ್ಣ ಹೇಳಿದ್ದ. "ಇನ್ನೆರಡು ವಾರಕ್ಕೆ, ಶನಿವಾರ, ಗುಜರಿ ಲಾರಿ ಬರುತ್ತೆ. ಅಜ್ಜಿನ ಕಳಿಸಿಬಿಡೋಣ."

"ಬೇಡ ಅಣ್ಣಾ! ಎಂಜಿನ್ ಇನ್ನೂ ಚೆನ್ನಾಗಿದೆ, ನಾನು ತಗೊಂಡು ಹೋಗ್ತೀನಿ. ಅಪ್ಪನ ಹಾಗೆ ಊರೂರಿಗೆ..."

"ಸೋರೋ ಡಬ್ಬಿಲಿ ಗಾಜು, ಯಂತ್ರ ಇಟ್ಕೊಂಡಾ? ತಲೆ ನೆಟ್ಟಗಿದೆಯಾ ನಿಂಗೆ?" ಅಣ್ಣ ನಕ್ಕ. "ಆಯ್ತು. ಒಂದೇ ಒಂದು ಹನಿ ಒಳಗೆ ಬೀಳದ ಹಾಗೆ ಮಾಡಿ ತೋರಿಸು. ನಾನೇ ಕೀಲಿ ಕೈಗೆ ಕೊಡ್ತೀನಿ."

ಆಗದ ಮಾತೆಂದು ಅವನಿಗೆ ಗೊತ್ತಿತ್ತು. ಅವಳು ತಗಡಿನವನಿಗೆ ಫೋನ್ ಮಾಡಿದಳು, ಆಮೇಲೆ ಅಜ್ಜಿಯೊಳಗೆ ಕೂತು ಅತ್ತಳು. ಅಷ್ಟರಲ್ಲೇ ಆ ಕಾಲು ಬಂದದ್ದು!

ಎರಡನೆಯ ದಿನ ಅವನು ಯಾರೂ ಹೇಳದೆಯೇ ಮೊದಲು ಬಾಗಿಲಿನ ಹಿಡಿ ಸರಿಮಾಡಿದ. "ಈಗ ಒಳಗಿಂದ್ಲೂ ತೆಗೆಯುತ್ತೆ ನೋಡಿ," ಎಂದ. ಅವಳು ನಾಲ್ಕು ಸಲ ಹಾಕಿ ತೆಗೆದು ಹಾಕಿ ತೆಗೆದು ನೋಡಿದಳು.

ಚಾವಣಿಯ ಕಥೆ ಮಾತ್ರ ಕೆಟ್ಟದಾಗಿತ್ತು. ತುಕ್ಕು ಕಂಡಾಗಲೆಲ್ಲ ಅಪ್ಪ ಮೇಲೊಂದು ಪದರ ಡಾಂಬರು ಮೆತ್ತಿದ್ದರು. ತಗಡಿನವನು ಕೆರೆದಷ್ಟೂ ಡಾಂಬರು, ಅದರ ಕೆಳಗೆ ಬಿಸ್ಕತ್ತಿನ ಹಾಗೆ ಉದುರುವ ತುಕ್ಕು.

"ಮುಚ್ಚಿ ಮುಚ್ಚಿ ಇಟ್ಟಿದ್ದಾರೆ. ಒಳಗೊಳಗೇ ತಿಂದುಹಾಕಿದೆ," ಎಂದ ಅವನು, ತಂತಿ ಬ್ರಷ್ಷಿನಿಂದ ಉಜ್ಜುತ್ತಾ.

"ನಮ್ಮನೆಯವರು ಎಲ್ಲವನ್ನೂ ಹಾಗೇ ಮಾಡೋದು," ಎಂದಳು ಅವಳು.

ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದದ್ದಾಯಿತು. ಆಮೇಲೆ ಸೋರಿಕೆ ಹುಡುಕುವ ಕೆಲಸ. ಅವನು ಮೇಲೆ ಪೈಪು ಹಿಡಿದು ನಿಧಾನವಾಗಿ ನೀರು ಬಿಡುವುದು, ಅವಳು ಒಳಗೆ ಸೀಮೆಸುಣ್ಣ ಹಿಡಿದು ಹನಿ ಕಂಡಲ್ಲಿ ಗುರುತು ಹಾಕುವುದು.

"ಇಲ್ಲಿ ಬಿತ್ತು!"

"ಅಲ್ಲಿ ಬಿದ್ದಿದ್ದಷ್ಟೇ ಮೇಡಮ್. ನುಗ್ಗಿದ್ದು ಬೇರೆ ಕಡೆ ಇರುತ್ತೆ. ಚಾವಣಿಯ ಅಡ್ಡಪಟ್ಟಿ ಹಿಡ್ಕೊಂಡು ಹಿಂದಕ್ಕೆ ಹೋಗ್ತಾ ನೋಡಿ."

ಅವಳು ಹಿಂದಕ್ಕೆ ಹಿಂದಕ್ಕೆ ಹೋಗಿ ಸೂಜಿಮೊನೆಯಷ್ಟು ತೂತು ಹಿಡಿದಳು. ಅವನಿಗೆ ಆ ತೂತು ಮೇಲಿನಿಂದ ಕಾಣಲೇ ಇಲ್ಲ!

"ಇಳೀರಿ ಕೆಳಗೆ. ಕಣ್ಣು ನೋಡ್ಬೇಕು ನಿಮ್ದು," ಎಂದಳು ಅವಳು.

ಹಿಂಬಾಗಿಲಿಗೆ ಅಂಟಿಸಿದ್ದ ಅಪ್ಪನ ಅಕ್ಷರದ ಹಲಗೆಯ ಎದುರು ಅವನನ್ನು ಕೂರಿಸಿ, ಅವನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸಿದಳು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು.

"ಈಗ ಕಾಣುತ್ತಾ?"

"ಕಾಣುತ್ತೆ."

"ಹಲಗೆ ನೋಡಿ ಹೇಳಿ. ನನ್ನ ಮುಖ ಅಲ್ಲ!"

ಅವನು ಕಿವಿಯವರೆಗೂ ಕೆಂಪಾದ. ಎರಡೇ ದಿನದಲ್ಲಿ ಅವಳು ಅವನಿಗೊಂದು ಕನ್ನಡಕ ಮಾಡಿಕೊಟ್ಟಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವಳು ಮೊದಲ ಬಾರಿಗೆ ಗುನುಗುತ್ತಾ ಗಾಜು ಉಜ್ಜಿದಳು.

ಅಷ್ಟಾದ ಮೇಲೆ ಉಳಿದದ್ದು ಒಂದೇ. ಅಂಚಿನ ಸಂದುಗಳಿಗೆಲ್ಲ ಅವನು ಬೂದುಬಣ್ಣದ ಮೇಣದಂಥ ಅಂಟು ತುಂಬಿದ. ಅದು ಒಣಗಿದ ಮೇಲೆ ಬಣ್ಣ ಬಳಿದರೆ ಮುಗಿಯಿತು.

ಮಂಗಳವಾರ ಅವಳು ಕೇಳಿದಳು. "ಆಯ್ತಾ?"

"ಒಣಗಿಲ್ಲ. ಮುಟ್ಟಬೇಡಿ."

ಬುಧವಾರವೂ ಅದೇ ಮಾತು. ಗುರುವಾರವೂ ಅದೇ ಮಾತು! ಶನಿವಾರಕ್ಕೆ ಉಳಿದದ್ದು ಒಂದೇ ದಿನ. ಗುರುವಾರ ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಏಣಿ ಹತ್ತಿ, ಹೊದಿಸಿದ್ದ ತಾಡಪಾಲು ಸರಿಸಿ, ಬೆರಳಿಟ್ಟಳು. ಗಾಜಿನ ಮೇಲಿನ ಕೂದಲೆಳೆಯನ್ನೂ ಗುರುತಿಸುವ ಬೆರಳು ಅದು.

ಅಂಟು ಕಲ್ಲಿನಷ್ಟು ಗಟ್ಟಿಯಾಗಿತ್ತು. ಇವತ್ತು ನಿನ್ನೆ ಒಣಗಿದ್ದಲ್ಲ!

ಅವನು ಬಂದಾಗ ಅವಳು ಏಣಿಯ ಬುಡದಲ್ಲೇ ನಿಂತಿದ್ದಳು.

"ಯಾವಾಗ ಒಣಗಿದ್ದು?"

ಅವನ ಮುಖದ ಬಣ್ಣವೇ ಬದಲಾಯಿತು. "ಮಂಗಳವಾರ..."

"ನಮ್ಮಣ್ಣ ಹೇಳಿದ್ರಾ, ಶನಿವಾರದವರೆಗೆ ಎಳೀರಿ ಅಂತ?"

"ಇಲ್ಲ! ಅವರೇನೂ ಹೇಳಿಲ್ಲ."

"ಮತ್ಯಾಕೆ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದ.

ಹೇಳು ಮಹಾರಾಯಾ, ಬಾಯಿ ಬಿಟ್ಟು ಹೇಳು! ಇಲ್ಲ, ಹೇಳಲಿಲ್ಲ. ಅವಳ ಪಿತ್ತ ನೆತ್ತಿಗೇರಿತು.

"ನೀವೊಬ್ಬರು ಬಾಗಿಲು ತೆಗೆಯೋರು ಅಂದ್ಕೊಂಡಿದ್ದೆ. ನೀವೂ ಅವರ ಪೈಕಿನೇ!"

ಹಿಂದಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು. ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ನಾಲ್ಕು ಗೋಡೆ ಒಂದೊಂದು ಹೆಜ್ಜೆ ಹತ್ತಿರ ಬಂದಂತೆ ಅನಿಸಿತು. ಇವನೂ ಹೀಗೆ ಮಾಡಿಬಿಟ್ಟನಲ್ಲ... ನನ್ನ ಹಣೆಬರಹವೇ ಇಷ್ಟಾ? ಅವಳಿಗೆ ಅಳುವುದಕ್ಕೂ ಆಗಲಿಲ್ಲ.

ಶುಕ್ರವಾರವಿಡೀ ಅವನು ಒಬ್ಬನೇ ಬಣ್ಣ ಬಳಿದ. ಅವಳು ಅತ್ತ ಸುಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಗುಜರಿ ಲಾರಿ ಬಂದು ರಸ್ತೆಯ ಅಂಚಿಗೆ ನಿಂತಿತು. ಅಣ್ಣ ಪ್ಯಾಂಟು ಮಡಚಿಕೊಂಡು ಪೈಪು ಹಿಡಿದ. ಅತ್ತಿಗೆ ನಲ್ಲಿಯ ಹತ್ತಿರ ನಿಂತಳು. ತಂಗಿಗೂ ತಗಡಿನವನಿಗೂ ಅಣ್ಣ ಹೇಳಿದ.

"ನೀವಿಬ್ರೂ ಒಳಗೆ ಕೂತು ನೋಡಿ. ಹತ್ತು ನಿಮಿಷ ನೀರು ಬಿಡ್ತೀನಿ. ಪುಟ್ಟಿ ಸುಳ್ಳು ಹೇಳಲ್ಲ, ಅವಳು ಹೇಳಿದ್ದೇ ಕೊನೆ."

ಬಾಗಿಲು ಮುಚ್ಚಿತು. ಚಾವಣಿಯ ಮೇಲೆ ನೀರು ಧೋ ಎಂದು ಸುರಿಯಿತು. ಒಳಗೆ ಅವರಿಬ್ಬರೇ, ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗದಲ್ಲಿ. ಅವಳು ಚಾವಣಿ ಬಿಟ್ಟು ಬೇರೆ ಎಲ್ಲೂ ನೋಡಲಿಲ್ಲ.

ಐದು ನಿಮಿಷ ಕಳೆಯಿತು. ಒಂದು ಹನಿಯೂ ಇಲ್ಲ.

"ಒಣಗಿದೆ ಅಂದ್ರೆ ನೀವು ಹೊರಟುಬಿಡ್ತಿದ್ರಿ," ಎಂದ ಅವನು ಮೆಲ್ಲಗೆ. "ಅದಕ್ಕೇ ಹೇಳಲಿಲ್ಲ. ಇನ್ನೊಂದು ದಿನ, ಇನ್ನೊಂದೇ ದಿನ ಅಂತ... ತಪ್ಪು ಮಾಡಿದೆ. ನಂಗೆ ನೀವಂದ್ರೆ ಪ್ರಾಣ. ಅದು ಕಟ್ಟಿಹಾಕೋಕೆ ಕಾರಣ ಅಲ್ಲ, ಗೊತ್ತು."

ಇಷ್ಟೇನಾ? ಇಷ್ಟಕ್ಕಾ? ಅಣ್ಣನೂ ಇದೇ ಪ್ರೀತಿಯ ಮಾತಿನ ಮೇಲೆ ಅವಳನ್ನು ನಾಲ್ಕು ವರ್ಷ ಕೂರಿಸಿದ್ದ!

ಅವಳು ಉತ್ತರ ಕೊಡುವ ಮೊದಲೇ ಮೂಲೆಯ ಸಂದಿನಲ್ಲಿ ಏನೋ ಮಿಂಚಿತು.

ಒಂದು ಹನಿ.

ಇಬ್ಬರೂ ಒಟ್ಟಿಗೆ ನೋಡಿದರು. ಅದು ದಪ್ಪಗಾಯಿತು, ಜೋತಾಡಿತು... ಬೀಳುವ ಹೊತ್ತಿಗೆ ಅವನ ಅಂಗೈ ಕೆಳಗಿತ್ತು. ಹನಿ ಬಿದ್ದ ತಕ್ಷಣ ಅವನು ಮುಷ್ಟಿ ಮುಚ್ಚಿದ.

"ಏನೂ ಬೀಳಲಿಲ್ಲ," ಎಂದ. ಅವನ ಕಣ್ಣು ತುಂಬಿತ್ತು. "ಏನೂ ಬೀಳಲಿಲ್ಲ ಅಂತ ಹೇಳಿ. ನೀವು ಹೋಗಿ."

ಅವಳು ಅವನನ್ನೇ ನೋಡಿದಳು. ಆ ಹನಿ ಅವಳನ್ನು ಇಲ್ಲೇ ಉಳಿಸುತ್ತಿತ್ತು. ಇವನಿಗೆ ಬೇಕಾಗಿದ್ದೂ ಅದೇ. ಆದರೂ ಮುಚ್ಚಿಟ್ಟ! ಅವಳು ಅವನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈ ಒದ್ದೆಯಾಗಿತ್ತು.

"ಮುಚ್ಚಿದ್ದು ಸಾಕು ಕಣ್ರೀ," ಎಂದಳು. ಬಾಗಿಲು ತೆಗೆದು ಇಳಿದಳು.

"ಅಣ್ಣಾ, ಒಂದು ಹನಿ ಬಿತ್ತು."

ಅಣ್ಣ ಪೈಪು ಕೆಳಗಿಳಿಸಿದ. ಗೆದ್ದ ಮುಖವಲ್ಲ ಅದು, ಸದ್ಯ ಬದುಕಿದೆ ಎನ್ನುವ ಮುಖ. "ನೋಡಿದ್ಯಾ? ಬಾ ಒಳಗೆ. ಟೀ ಕುಡಿಯೋಣ."

"ಬಿತ್ತು. ಆದ್ರೂ ಹೋಗ್ತೀನಿ."

"ಪುಟ್ಟೀ!"

"ಆ ಸಂದಿಗೆ ಇನ್ನಷ್ಟು ಅಂಟು ಹಾಕಿಸ್ತೀನಿ. ಮತ್ತೆ ಸೋರಿದ್ರೆ ಒರೆಸ್ತೀನಿ. ಅಪ್ಪ ಅಷ್ಟು ವರ್ಷ ಒರೆಸಿಲ್ವಾ?"

"ದಾರಿಲಿ ನಿಂಗೇನಾದ್ರೂ ಆದ್ರೆ?" ಅಣ್ಣನ ದನಿ ಒಡೆಯಿತು. "ಅಪ್ಪ ಹೋಗೋವಾಗ ನಿನ್ನ ಕೈ ನನ್ನ ಕೈಲಿ ಇಟ್ಟು ಹೋದ್ರು ಕಣೇ. ಏನಾದ್ರೂ ಆದ್ರೆ ನಾನೇನು ಮಾಡಲಿ?"

ಅವಳಿಗೂ ಅಳು ಬಂತು. ಆದರೆ ಹಿಂದೆ ಸರಿಯಲಿಲ್ಲ.

"ನಾಲ್ಕು ವರ್ಷದಿಂದ ನಂಗೆ ಏನೂ ಆಗಿಲ್ಲ ಅಣ್ಣಾ. ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಏನೂ ಆಗ್ತಾನೇ ಇಲ್ಲ! ಅದಕ್ಕೇ ಹೋಗ್ತಿರೋದು."

ಪೈಪಿನ ನೀರು ಸುಮ್ಮನೆ ಅಂಗಳದಲ್ಲಿ ಹರಿಯುತ್ತಿತ್ತು. ಕೊನೆಗೆ ಅತ್ತಿಗೆಯೇ ನಲ್ಲಿ ನಿಲ್ಲಿಸಿ, ಗಂಡನ ಜೇಬಿಗೆ ಕೈ ಹಾಕಿ ಕೀಲಿ ತೆಗೆದು ಅವಳಿಗೆ ಕೊಟ್ಟಳು. ಅಣ್ಣ ತಡೆಯಲಿಲ್ಲ. ಮುಖ ಒರೆಸಿಕೊಂಡು ರಸ್ತೆಯ ಕಡೆ ಹೋಗಿ ಲಾರಿಯವನಿಗೆ ಹೇಳಿದ. "ಹೋಗಪ್ಪಾ ನೀನು. ಗಾಡಿ ಕೊಡಲ್ಲ."

ಮೂಲೆಯ ಸಂದಿಗೆ ತಗಡಿನವನು ಹೊಸ ಅಂಟು ತುಂಬಿದ. ಸಾಮಾನು ಏರಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಅವಳು ಡ್ರೈವರ್ ಸೀಟಿನಲ್ಲಿ ಕೂತಾಗ ಅವನು ಕಿಟಕಿಯ ಹತ್ತಿರ ಬಂದು ನಿಂತ.

"ಜೊತೆಗೆ ಬರ್ಲಾ ಅಂತ ಕೇಳಲ್ವಾ?" ಎಂದಳು.

"ಕೇಳೋ ಮುಖ ಇಲ್ಲ ನಂಗೆ."

"ಕೇಳಿದ್ರೂ ಇವತ್ತು ಕರ್ಕೊಂಡು ಹೋಗ್ತಿರಲಿಲ್ಲ. ಮೊದಲ ವಾರ ನಾನೊಬ್ಬಳೇ ಹೋಗ್ಬೇಕು. ನನ್ನ ಕೈಲಿ ಆಗುತ್ತಾ ಅಂತ ನಂಗೇ ಗೊತ್ತಾಗ್ಬೇಕು."

"ಆಗುತ್ತೆ. ಹೋಗ್ಬನ್ನಿ."

"ಎಂಟನೇ ದಿನ ವಾಪಸ್ ಬರ್ತೀನಿ."

ಅವನು ಚಟ್ಟನೆ ತಲೆ ಎತ್ತಿದ. "ಯಾಕೆ?"

"ಅಣ್ಣ ಅತ್ತಿಗೆನ ನೋಡೋಕೆ ಅಂತ ಮನೇಲಿ ಹೇಳಿದೀನಿ." ಅವಳು ಕಿಟಕಿಯಿಂದ ಕೈ ಚಾಚಿ ಅವನ ಕೆನ್ನೆ ಮುಟ್ಟಿದಳು. "ನಿಜ ಏನು ಅಂತ ನಿಮಗೆ ಹೇಳ್ತಾ ಇದೀನಿ. ನಂಗೂ ನೀವಂದ್ರೆ ಪ್ರಾಣ. ನಿಮ್ಮ ಸಾಮಾನಿನ ಪೆಟ್ಟಿಗೆ ಕಟ್ಟಿಟ್ಟಿರಿ. ಹಾರ್ನ್ ಒಂದೇ ಸಲ ಹೊಡೀತೀನಿ."

"ಹೊಡೆಯೋದೇ ಬೇಡ. ನಾನು ರಸ್ತೆಲೇ ನಿಂತಿರ್ತೀನಿ."

"ಎಂಟನೇ ದಿನ?"

"ಏಳನೇ ದಿನದಿಂದ."