ಎರಡೂಕಾಲು ಗಂಟೆಯ ಬರ್ಲಿನ್

ಜೂನ್ 30, ಭಾನುವಾರ, ಬೆಳಿಗ್ಗೆ 10.05. ಕಾತೊವಿತ್ಸೆ ಊರಿನ ಪೊಲೀಸ್ ಠಾಣೆಗೆ ಪಾರಿವಾಳ ಸಂಘದ ಅಧ್ಯಕ್ಷ ಗೆರಾರ್ಡ್ ಕುಲಿಕ್ ಏದುಸಿರು ಬಿಡುತ್ತ ಬಂದ.

"ಮೇಡಂ, ಪಂದ್ಯದಲ್ಲಿ ಮೋಸ ಆಗಿದೆ. ಬರ್ಲಿನ್‌ನಲ್ಲಿ ಏಳಕ್ಕೆ ಬಿಟ್ಟ ಹಕ್ಕಿಗಳು ಒಂಬತ್ತೂಕಾಲಿಗೇ ಇಲ್ಲಿ ಗೂಡು ಸೇರಿವೆ!"

ಇನ್‌ಸ್ಪೆಕ್ಟರ್ ಬೊಜೆನಾ ವಿಲ್ಕೋಶ್ ಪೆನ್ನು ತೆಗೆದಳು. "ಯಾರ ಹಕ್ಕಿ?"

"ಎಲ್ಲರದ್ದೂ. ಆರುನೂರ ಹನ್ನೆರಡೂ ಬಂದಿವೆ."

ಕಾನ್‌ಸ್ಟೆಬಲ್ ರಫಾವ್ ಕಿಸಕ್ಕೆಂದ. "ಬಂದ್ವಲ್ಲ, ಕಾಳು ಹಾಕಿ ಸುಮ್ನಿರಿ ಸಾರ್."

"ತಮಾಷೆನಾ? ನೇರ ಹಾರಿದ್ರೂ ನಾನೂರ ಅರವತ್ತೈದು ಕಿಲೋಮೀಟರ್. ಆರು ಗಂಟೆ ಬೇಕು. ವಿಮಾನಕ್ಕೇ ಒಂದು ಗಂಟೆ ಹಿಡಿಯುತ್ತೆ ಕಣ್ರೀ! ರಾಷ್ಟ್ರೀಯ ಪಂದ್ಯ, ಎಲ್ಲಾ ಮಣ್ಣುಪಾಲು!"

10.30ಕ್ಕೆ ಎಫ್‌ಐಆರ್ ಆಯಿತು. ಒಬ್ಬನ ಹಕ್ಕಿ ಮುಂಚೆ ಬಂದಿದ್ದರೆ ಕಳ್ಳ ಸಿಕ್ಕಂತೆಯೇ. ಎಲ್ಲರದ್ದೂ ಬಂದರೆ ಮೋಸದಿಂದ ಗೆದ್ದವನು ಯಾರು? ಬೊಜೆನಾಗೆ ತಲೆಬುಡ ತಿಳಿಯಲಿಲ್ಲ. ಪಾರಿವಾಳ ಗಂಟೆಗೆ ಎಷ್ಟು ಹಾರುತ್ತದೆಂದು ಕೇಳಿದಳು. ಎಪ್ಪತ್ತೈದು, ಎಂದ ಕುಲಿಕ್. ಎರಡೂಕಾಲು ಗಂಟೆಗೆ ಸುಮಾರು ನೂರ ಎಪ್ಪತ್ತು ಕಿಲೋಮೀಟರ್. ನಕ್ಷೆಯ ಮೇಲೆ ಕಾತೊವಿತ್ಸೆಯ ಸುತ್ತ ಅಷ್ಟು ದೂರಕ್ಕೆ ವೃತ್ತ ಎಳೆದಳು. ಬರ್ಲಿನ್ ರಸ್ತೆಯನ್ನು ಅದು ವ್ರೋತ್ಸ್ವಾಫ್ ಊರಲ್ಲಿ ದಾಟಿತು.

"ಹಕ್ಕಿ ಒಯ್ದವರು ಯಾರು?"

"ನಮ್ಮ ಲಾರಿ ಡ್ರೈವರ್, ಅಲೋಯ್ಸ್ ಗಾವ್ಲಿಕ್. ಬರ್ಲಿನ್‌ನಲ್ಲಿ ಬಿಟ್ಟೆ ಅಂತ ಫಾರಮ್ಮಿಗೆ ಸಹಿನೂ ಹಾಕಿ ಫೋನಲ್ಲಿ ಕಳಿಸಿದ್ದಾನೆ."

11.20ಕ್ಕೆ ಅಲೋಯ್ಸ್ ತನ್ನ ಅಂಗಳದಲ್ಲಿ ಹಕ್ಕಿ ಒಯ್ದ ಬುಟ್ಟಿ ತೊಳೆಯುತ್ತಿದ್ದ. ಅರವತ್ತೊಂದರ ಮುದುಕ, ಹಿಂದೆ ಕಲ್ಲಿದ್ದಲು ಗಣಿಯಲ್ಲಿದ್ದವನು. ಪೊಲೀಸರನ್ನು ಕಂಡು ಬ್ರಶ್ಶನ್ನೂ ಕೆಳಗಿಡಲಿಲ್ಲ.

"ಬರ್ಲಿನ್‌ನಿಂದ ಇಷ್ಟು ಬೇಗ ಬಂದ್ರಾ, ಯಜಮಾನ್ರೇ?" ಬೊಜೆನಾ ಕೇಳಿದಳು.

"ಹೋಗಿದ್ರೆ ತಾನೇ ಬರೋದು?"

ಲಾರಿಯ ಮೀಟರ್ ಓದಿ ರಫಾವ್ ಪಂಚನಾಮೆ ಬರೆದ: ಶನಿವಾರ ರಾತ್ರಿಯಿಂದ 394 ಕಿ.ಮೀ. ಬರ್ಲಿನ್‌ಗೆ ಹೋಗಿ ಬರಲು ಸಾವಿರ ದಾಟಬೇಕು.

"ಸುಳ್ಳು ದಾಖಲೆಗೆ ಜೈಲಾಗುತ್ತೆ. ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ?"

ಮುದುಕನ ದನಿ ಏರಿತು. "ಹೋದ ವರ್ಷ ಇದೇ ಪಂದ್ಯ, ಇದೇ ಬಿಸಿಲು. ಈ ಕೈಲೇ ಬುಟ್ಟಿ ತೆಗೆದೆ. ಆರುನೂರರಲ್ಲಿ ಬಂದಿದ್ದು ನಲವತ್ತೊಂದು. ಉಳಿದವು ನೀರಿಲ್ದೆ ಎಲ್ಲೆಲ್ಲಿ ಬಿದ್ವೋ! ಈ ಸಲ ಮುಂದಕ್ಕೆ ಹಾಕಿ ಅಂತ ಕುಲಿಕ್‌ಗೆ ಕೈ ಮುಗ್ದೆ. 'ನಿನ್ನ ಕೆಲಸ ಲಾರಿ ಓಡ್ಸೋದು' ಅಂದ. ಓಡಿಸ್ದೆ. ಎಲ್ಲಿವರೆಗೆ ಓಡಿಸ್ಬೇಕೋ ಅಲ್ಲಿವರೆಗೆ!"

"ತಪ್ಪಾಯ್ತು ಅಂತ ಬರ್ಕೊಟ್ರೆ ಹಗುರ ಆಗುತ್ತೆ."

"ಬರ್ಕೊಳ್ಳಿ ಮೇಡಂ: ಬೇಕಂತಲೇ ಮಾಡ್ದೆ. ನಾಳೆ ಲಾರಿ ಕೊಟ್ರೆ ನಾಳೇನೂ ಮಾಡ್ತೀನಿ."

ಬೊಜೆನಾ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡಳು. 12.10ಕ್ಕೆ ಬಂಧನ. ಅಲೋಯ್ಸ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ತಾನೇ ಜೀಪು ಹತ್ತಿದ.

ಸಂಜೆ ವರದಿ ಮುಗಿಸುವ ಮುನ್ನ ಬೊಜೆನಾ ಹವಾಮಾನ ಇಲಾಖೆಗೆ ಫೋನು ಮಾಡಿದಳು. ಯಾರೂ ಕೇಳದಿದ್ದರೂ ಕಡೆಯಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿದಳು: ಈ ದಿನ ಮಧ್ಯಾಹ್ನ ಒಂದಕ್ಕೆ, ಹಕ್ಕಿಗಳು ಹಾರುತ್ತಿರಬೇಕಾಗಿದ್ದ ದಾರಿಯಲ್ಲಿ, ಮೂವತ್ತೆಂಟು ಡಿಗ್ರಿ.