ಚಳಿಗೆ ಸುಮ್ಮನಾದ ಬೀಕನ್

೨೦೧೮ರ ಏಪ್ರಿಲ್ ೧೭, ಮಂಗಳವಾರ ಬೆಳಿಗ್ಗೆ ಎಟೋಬಿಕೋಕ್‌ನ ಠಾಣೆಗೊಂದು ದೂರು ಬಂತು. ಬೆಟ್ಟದ ಹಿಮಕ್ಕೆ ಹೋಗುವವರಿಗೆ ಸಾಮಾನು ಬಾಡಿಗೆ ಕೊಡುವ ಅಂಗಡಿಯಿಂದ ಆರು ಬೀಕನ್ ಕಳವಾಗಿದ್ದವು. ಹಿಮ ಕುಸಿದು ಮನುಷ್ಯ ಹೂತುಹೋದರೆ ಎದೆಗೆ ಕಟ್ಟಿಕೊಂಡ ಈ ಪುಟ್ಟ ಯಂತ್ರ ಒಳಗಿಂದ ಸಂಕೇತ ಕಳಿಸುತ್ತದೆ. ಮೇಲಿದ್ದವರು ತಮ್ಮ ಬೀಕನ್ ಹಿಡಿದು ಹುಡುಕಿ ಅಗೆಯುತ್ತಾರೆ. ಮರುದಿನವೇ ಆರು ಜನ ಅವನ್ನು ಕಟ್ಟಿಕೊಂಡು ಪಶ್ಚಿಮದ ಬೆಟ್ಟಗಳಿಗೆ ಹೊರಡುವವರಿದ್ದರು.

ಡಿಟೆಕ್ಟಿವ್ ಜಯಪ್ರಕಾಶ ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದವನು, ಯಾರನ್ನೂ ಒಂದೇ ಏಟಿಗೆ ನಂಬುವವನಲ್ಲ. ಅಂಗಡಿಯ ಬೀಗ ಮುರಿದಿರಲಿಲ್ಲ. ಮಾಲೀಕ ಅಭಿನಂದನ್ ಮಾತ್ರ ಆ ಚಳಿಯಲ್ಲೂ ಬೆವರುತ್ತಿದ್ದ.

"ಕೇಸ್ ಗೀಸ್ ಬೇಡ ಸರ್. ಕೌಂಟರ್ ಹುಡುಗಿ ನನ್ನ ಕೇಳ್ದೆ ಫೋನ್ ಮಾಡ್ಬಿಟ್ಲು."

ಕಾನ್‌ಸ್ಟೇಬಲ್ ಮಾಧುರಿ ಇಲ್ಲೇ ಹುಟ್ಟಿದವಳು. ಹಿಂದಿನ ದಿನದ ಕ್ಯಾಮೆರಾ ದೃಶ್ಯ ನಿಲ್ಲಿಸಿ ತೋರಿಸಿದಳು. "ಲುಕ್ ಸರ್. ಸ್ಟ್ರೋಲರ್ ಇದೆ, ಬೇಬಿನೇ ಇಲ್ಲ." ಹೆಂಗಸೊಬ್ಬಳು ಬೀಕನ್‌ಗಳನ್ನು ಆ ತಳ್ಳುಗಾಡಿಯ ಹೊದಿಕೆಯಡಿ ತುರುಕುತ್ತಿದ್ದಳು.

"ಯಾರಿವರು?" ಜಯಪ್ರಕಾಶ ಮಾಲೀಕನನ್ನು ಕೇಳಿದ.

"ಗೊತ್ತಿಲ್ಲ ಸರ್."

"ಮುಖ ನೋಡೂದಕ್ಕಿಂತ ಮೊದಲ ಗೊತ್ತಿಲ್ಲ ಅಂದ್ರೆಲ್ರೀ."

ಅಭಿನಂದನ್ ಬಾಯಿಬಿಟ್ಟ. ಆಕೆ ಹೇಮಶ್ರೀ. ಅವಳ ಗಂಡ ಹರ್ಷ ಕಳೆದ ಏಪ್ರಿಲ್‌ನಲ್ಲಿ ಹಿಮಕ್ಕೆ ಸಿಕ್ಕಿ ಸತ್ತಿದ್ದ. ವಸಂತದ ಹಿಮ ಮಹಾ ಕಪಟಿ. ಬೆಳಿಗ್ಗೆ ಕಲ್ಲಿನಂತೆ ಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ಒಳಗೊಳಗೇ ನೀರಾಗಿ ಇಡೀ ಇಳಿಜಾರೇ ಜಾರಿಬಿಡುತ್ತದೆ. ಗೆಳೆಯರು ಹುಡುಕಿದಾಗ, ಇದೇ ಅಂಗಡಿಯಿಂದ ಬಾಡಿಗೆಗೆ ಒಯ್ದಿದ್ದ ಹರ್ಷನ ಬೀಕನ್ ಉಸಿರೆತ್ತಲಿಲ್ಲ. ಆಮೇಲೆ ಕೋಣೆಯಲ್ಲಿ ಪರೀಕ್ಷಿಸಿದರೆ ಯಂತ್ರ ಸರಿಯಾಗಿಯೇ ಇತ್ತು. ಸ್ವಿಚ್ ಹಾಕಲು ಅವನೇ ಮರೆತನೆಂದು ಎಲ್ಲರೂ ಕೈತೊಳೆದುಕೊಂಡರು.

"ಆ ಬೀಕನ್ ಈಗ ಎಲ್ಲದ?"

"ಆ ಆರರಲ್ಲೇ ಇದೆ ಸರ್. ನಂಬರಿನ ಸ್ಟಿಕ್ಕರ್ ಬದಲಾಯಿಸಿ ಬಾಡಿಗೆಗೆ ಬಿಟ್ಟಿದ್ದೆ. ಅವ್ರಿಗೆ ಕಂಪನಿಗೆ ಕಳ್ಸಿದೀನಿ ಅಂದಿದ್ದೆ."

ಸೇಡಿಗಾಗಿ ಅವಳು ಆರನ್ನೂ ಕೆಡಿಸಿ ಹಿಂದಕ್ಕೆ ತಂದಿಟ್ಟರೆ? ಜಯಪ್ರಕಾಶ ಮಾಲೀಕನ ಸ್ವಂತ ಬೀಕನ್ ಇಸಿದುಕೊಂಡು ಮಾಧುರಿಯೊಂದಿಗೆ ಹೇಮಶ್ರೀಯ ಮನೆಗೆ ಹೊರಟ.

ಬಾಗಿಲು ತೆರೆದ ಹೇಮಶ್ರೀ, "ಬೀಕನ್ನಾ? ನನಗೇನ ಗೊತ್ರೀ ಸರ್?" ಎಂದಳು.

ಜಯಪ್ರಕಾಶ ಕೈಯಲ್ಲಿದ್ದ ಬೀಕನ್ನಿನ ಸ್ವಿಚ್ಚನ್ನು ಸಂಕೇತ ಹಿಡಿಯುವ ಹುಡುಕಾಟಕ್ಕೆ ತಿರುಗಿಸಿದ. ಬಾಣದ ಗುರುತು ನೇರ ಹಿತ್ತಿಲಿನತ್ತ ತಿರುಗಿತು. ಹೇಮಶ್ರೀ ಅದನ್ನು ನೋಡಿ ದಾರಿ ಬಿಟ್ಟಳು.

ವಾರಾಂತ್ಯದ ಬಿರುಗಾಳಿ ಸುರಿದ ಐಸು ಹಿತ್ತಿಲಲ್ಲಿ ಗುಡ್ಡೆಯಾಗಿತ್ತು. ಮಾಧುರಿ ಅಗೆದಾಗ ಸಂಕೇತ ಕಳಿಸುತ್ತಲೇ ಇದ್ದ ಐದು ಸಿಕ್ಕವು, ಒಂದೊಂದನ್ನೂ ಆರಿಸಿದಳು. ಆರನೆಯದನ್ನು ಹೇಮಶ್ರೀಯೇ ತೋಡಿ ತೆಗೆದಳು. ಅದರ ಸ್ವಿಚ್ ಹಾಕಿಯೇ ಇತ್ತು, ಆದರೂ ಅದು ಸತ್ತಂತಿತ್ತು. ಒಳಗೊಯ್ದು ಹೀಟರಿನ ಬಿಸಿಗೆ ಹಿಡಿದಳು. ತುಸು ಹೊತ್ತಿಗೆ ಜಯಪ್ರಕಾಶನ ಕೈಯಲ್ಲಿದ್ದ ಬೀಕನ್ ಕೂಗತೊಡಗಿತು.

"ನನ್ನ ಗಂಡಂದು ಯಾವುದಂತ ತಿಳೀಲಾರದ ಆರೂ ಹೂತು ನೋಡಿದ್ನಿ, ಇದ ಅವರದು. ಬೆಚ್ಚಗಿದ್ರ ಮಾತಾಡ್ತದ್ರಿ, ಥಂಡಿಗಿಟ್ರ ಬಾಯಿ ಮುಚ್ಚತದ. ರೂಮಿನ್ಯಾಗ ಕುಂತು ನೋಡಿದವರಿಗೆ ಹೆಂಗ ತಿಳೀಬೇಕು?"

"ನಮ್ಮ ಕಡೆ ಬರಬೇಕಿತ್ತು ತಂಗೀ."

"ಅಳಕೋತ ಬಂದಾಕಿ ಮಾತು ಯಾರು ಕೇಳ್ತಾರ್ರಿ? ಕೈಯಾಗ ಏನರ ಇರಬೇಕಲ್ಲ."

ಆರೂ ಬೀಕನ್‌ಗಳನ್ನು ಚೀಲಕ್ಕೆ ಹಾಕಿ, ಪಟ್ಟಿ ಬರೆದು ಮೊಹರು ಮಾಡಿದರು. ನಮ್ಮೂರಲ್ಲಾದರೆ ಪಂಚನಾಮೆ ಎನ್ನುತ್ತಿದ್ದರು. ನಾಳಿನ ತಂಡವನ್ನು ತಡೆಯಲು, ಅಭಿನಂದನ್‌ನನ್ನು ಕರೆತರಲು ಮಾಧುರಿ ಠಾಣೆಗೆ ಫೋನ್ ಮಾಡಿದಳು. ಕಳವು ಮಾತ್ರ ಕಳವೇ. ಮಧ್ಯಾಹ್ನ ಮೂರೂಕಾಲಿಗೆ ಜಯಪ್ರಕಾಶ ಹೇಮಶ್ರೀಯನ್ನು ಬಂಧಿಸಿದ. ಅವಳು ಬೇಡಿಕೊಳ್ಳಲಿಲ್ಲ. ಪಕ್ಕದ ಮನೆಯ ವಸಂತಾಗೆ ಬೀಗದ ಕೈ ಕೊಟ್ಟು ಶೂ ಹಾಕಿಕೊಂಡಳು.

"ನನ್ನ ಮಗಳು ದಿನಾ ಕೇಳ್ತಾಳ್ರಿ ಸರ್, ಅಪ್ಪ ಯಾಕ ಮರತ, ನಾವು ಅವಗ ನೆನಪಿರಲಿಲ್ಲೇನು ಅಂತ. ಏಳು ವರ್ಷದ ಕೂಸಿಗೆ ಏನ ಹೇಳಲಿ? ಅದಕ್ಕ ಕದ್ದೆ."

ಜಯಪ್ರಕಾಶ ಅವಳಿಗಾಗಿ ತೆರೆದಿದ್ದ ಕಾರಿನ ಬಾಗಿಲನ್ನು ಮುಚ್ಚಿದ.

"ಸ್ಕೂಲ್ ಬಸ್ ಯಾವಾಗ ಬರ್ತದ?"

"ಇನ್ನೇನ ಬರ್ತದ್ರಿ."

"ಅಪ್ಪ ಮರತಿರಲಿಲ್ಲಂತ ಮೊದಲ ಆಕಿಗೆ ಹೇಳು. ಆಮ್ಯಾಲ ಹೋಗೂಣು."

ಮೂವರೂ ರಸ್ತೆಯ ಬದಿಯಲ್ಲಿ ನಿಂತು ಬಸ್ಸಿನ ದಾರಿ ಕಾದರು.